ಓಡುವವರಿಗೆ ವಿಮೆ ಕ್ಲೇಮ್ ಸಿಗುವುದಿಲ್ಲವೇ? ಫಾರ್ವರ್ಡ್‌ನಲ್ಲಿ ಇರುವುದೇನು, ಪಾಲಿಸಿಯಲ್ಲಿ ಇರುವುದೇನು

ಬೆಂಗಳೂರಿನ ಕಬ್ಬನ್ ಪಾರ್ಕ್ ಇರಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಇರಲಿ, ಬೆಳಗಿನ ಓಟಕ್ಕೆ ಬರುವವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಇರುತ್ತಾರೆ. ಅಲ್ಲಿ ಆರೋಗ್ಯ ವಿಮೆಯ ಬಗ್ಗೆ ಮೂರು ಬಗೆಯ ಮಾತು ಆಗಾಗ ಕೇಳಿಬರುತ್ತದೆ. ಒಂದು, ‘ಮ್ಯಾರಥಾನ್ ಸಾಹಸ ಕ್ರೀಡೆ, ಅದರಲ್ಲಿ ಗಾಯವಾದರೆ ವಿಮೆ ಕಂಪನಿ ಹಣ ಕೊಡುವುದಿಲ್ಲ.’ ಎರಡು, ‘ದಿನಾ ಓಡುವವರಿಗೆ ಕಾಯಿಲೆಯೇ ಬರುವುದಿಲ್ಲ, ವಿಮೆಗೆ ಕಟ್ಟುವ ದುಡ್ಡು ದಂಡ.’ ಮೂರು, ‘ದಿನಕ್ಕೆ 10,000 ಹೆಜ್ಜೆ ಹಾಕಿದರೆ ಪ್ರೀಮಿಯಂ ವಾಪಸ್.’

ಮೊದಲನೆಯದು ತಪ್ಪು, ಎರಡನೆಯದು ಅಪಾಯಕಾರಿ, ಮೂರನೆಯದು ಅರ್ಧ ಸತ್ಯ. ಹವ್ಯಾಸಕ್ಕೆ ಓಡುವವರ ಕ್ಲೇಮ್ ಸಿಕ್ಕಿಹಾಕಿಕೊಳ್ಳುವ ಜಾಗಗಳೇ ಬೇರೆ: 24 ಗಂಟೆಯ ಆಸ್ಪತ್ರೆ ದಾಖಲಾತಿ, ‘ಅಪಘಾತ’ ಎಂಬ ಪದದ ಅರ್ಥ, ಕಾಯುವ ಅವಧಿ ಮತ್ತು ಅರ್ಜಿಯಲ್ಲಿ ಬರೆಯದೆ ಬಿಟ್ಟ ಮಾಹಿತಿ. ಇವುಗಳನ್ನು ಒಂದೊಂದಾಗಿ ನೋಡೋಣ.

ಓಟ ‘ಸಾಹಸ ಕ್ರೀಡೆ’ಯೇ?

ಭಾರತದಲ್ಲಿ ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಸಂಸ್ಥೆ ಐಆರ್‌ಡಿಎಐ, ಅಂದರೆ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ. ಯಾವ ಸಂದರ್ಭದಲ್ಲಿ ಹಣ ಕೊಡುವುದಿಲ್ಲ ಎಂಬ ಷರತ್ತುಗಳನ್ನು ಒಂದೊಂದು ಕಂಪನಿ ಒಂದೊಂದು ರೀತಿ ಬರೆಯುತ್ತಿದ್ದುದನ್ನು ತಪ್ಪಿಸಲು ಅದು 2019ರಲ್ಲಿ ಏಕರೂಪದ ಪಠ್ಯ ಮತ್ತು ಸಂಖ್ಯೆಗಳನ್ನು ಕೊಟ್ಟಿತು. ಅದರಲ್ಲಿ 9ನೇ ಸಂಖ್ಯೆಯ ಷರತ್ತು ಸಾಹಸ ಕ್ರೀಡೆಗಳದ್ದು.

ಆ ಷರತ್ತಿನಲ್ಲಿ ಎರಡು ಸಂಗತಿ ಗಮನಿಸಿ. ಮೊದಲನೆಯದಾಗಿ, ಅಲ್ಲಿ ಉದಾಹರಣೆಯಾಗಿ ಕೊಟ್ಟಿರುವುದು ಬಂಡೆ ಏರುವುದು, ಪರ್ವತಾರೋಹಣ, ರಾಫ್ಟಿಂಗ್, ಮೋಟಾರ್ ರೇಸ್, ಕುದುರೆ ರೇಸ್, ಸ್ಕೂಬಾ ಡೈವಿಂಗ್, ಸ್ಕೈ ಡೈವಿಂಗ್ ಮುಂತಾದವು. ಓಟದ ಹೆಸರು ಅಲ್ಲಿಲ್ಲ. ಎರಡನೆಯದಾಗಿ, ಈ ಷರತ್ತು ಅನ್ವಯಿಸುವುದು ಆ ಕ್ರೀಡೆಗಳಲ್ಲಿ ‘ವೃತ್ತಿಪರರಾಗಿ’ ಭಾಗವಹಿಸಿದವರಿಗೆ ಮಾತ್ರ. ಭಾನುವಾರ ಬಿಬ್ ಹಾಕಿಕೊಂಡು ಬೆಂಗಳೂರಿನ ವರ್ಲ್ಡ್ 10ಕೆ ಓಡಿ ಸೋಮವಾರ ಕೆಲಸಕ್ಕೆ ಹೋಗುವವರು ವೃತ್ತಿಪರ ಕ್ರೀಡಾಪಟುಗಳಲ್ಲ. ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಮ್ಯಾರಥಾನ್‌ನಲ್ಲಿ ಮಣ್ಣಿನ ದಾರಿಯಲ್ಲಿ ಓಡುವ ಹವ್ಯಾಸಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಆದ್ದರಿಂದ ‘ಮ್ಯಾರಥಾನ್ ಓಡಿದ್ದೀರಿ, ಕ್ಲೇಮ್ ಇಲ್ಲ’ ಎಂದು ಯಾರಾದರೂ ಹೇಳಿದರೆ ‘ಯಾವ ಷರತ್ತಿನ ಪ್ರಕಾರ, ಬರೆದು ಕೊಡಿ’ ಎಂದು ಕೇಳುವುದು ನಿಮ್ಮ ಹಕ್ಕು. ಒಂದು ಎಚ್ಚರಿಕೆ ಮಾತ್ರ ಬೇಕು. ಅಪಘಾತ ವಿಮೆ ಮತ್ತು ವಿದೇಶ ಪ್ರವಾಸ ವಿಮೆಗಳ ಷರತ್ತುಗಳು ಆರೋಗ್ಯ ವಿಮೆಯಂತೆಯೇ ಇರಬೇಕೆಂದೇನಿಲ್ಲ. ಓಟಕ್ಕಾಗಿ ಬೇರೆ ದೇಶಕ್ಕೆ ಹೋಗುವವರು ಅಲ್ಲಿನ ಕ್ರೀಡಾ ಷರತ್ತನ್ನು ಪ್ರತ್ಯೇಕವಾಗಿ ಓದಬೇಕು.

ದಿನಾ ಓಡುವವರಿಗೆ ವಿಮೆ ಬೇಡವೇ?

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ‘ವ್ಯಾಯಾಮವೇ ಹೃದಯಕ್ಕೆ ಅಪಾಯ’ ಎಂಬ ಸಂದೇಶಗಳು ಹರಿದಾಡಿದ್ದು ನಿಮಗೆ ನೆನಪಿರಬಹುದು. ಅದರ ಎದುರು ತುದಿಯಲ್ಲಿ ‘ಓಡುವವರಿಗೆ ಏನೂ ಆಗುವುದಿಲ್ಲ’ ಎಂಬ ನಂಬಿಕೆ ಇದೆ. ಅಂಕಿಅಂಶಗಳು ಎರಡನ್ನೂ ಒಪ್ಪುವುದಿಲ್ಲ.

ಅಮೆರಿಕದ ಮ್ಯಾರಥಾನ್ ಮತ್ತು ಹಾಫ್ ಮ್ಯಾರಥಾನ್ ಓಟಗಾರರ ಬಗ್ಗೆ 2012ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 2000ದಿಂದ 2010ರವರೆಗೆ ಓಡಿದ ಸುಮಾರು 1.09 ಕೋಟಿ ಜನರಲ್ಲಿ 59 ಮಂದಿಗೆ ಹೃದಯಸ್ತಂಭನವಾಗಿತ್ತು. ಅಂದರೆ ಸುಮಾರು 1.84 ಲಕ್ಷ ಜನರಿಗೆ ಒಬ್ಬರು. ಅದೇ ಸಂಶೋಧಕರು ನಂತರದ ವರ್ಷಗಳ ಲೆಕ್ಕವನ್ನು 2025ರಲ್ಲಿ ಪ್ರಕಟಿಸಿದರು. ಹೃದಯಸ್ತಂಭನದ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇತ್ತು, ಸಾವಿನ ಪ್ರಮಾಣ ಮಾತ್ರ ಅರ್ಧದಷ್ಟಾಗಿತ್ತು. ಅಪಾಯ ತೀರಾ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಮಂಡಿಯ ಕಥೆಯೂ ಹೀಗೆಯೇ. ‘ಓಡಿದರೆ ಮಂಡಿ ಸವೆಯುತ್ತದೆ’ ಎಂಬ ಮಾತು ಹಳೆಯದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ಮಂಡಿ ಅಥವಾ ಸೊಂಟದ ಕೀಲು ಸವೆತ ಹವ್ಯಾಸಿ ಓಟಗಾರರಲ್ಲಿ ಶೇ 3.5, ಓಡದೆ ಕೂತವರಲ್ಲಿ ಶೇ 10.2, ಸ್ಪರ್ಧಾತ್ಮಕ ಓಟಗಾರರಲ್ಲಿ ಶೇ 13.3 ಇತ್ತು. ಮಂಡಿ ನೋವಿದ್ದವರು ಓಟವನ್ನೇ ಬಿಟ್ಟಿರಬಹುದಾದ್ದರಿಂದ ಈ ಅಂತರವೆಲ್ಲ ಓಟದಿಂದಲೇ ಬಂದದ್ದು ಎನ್ನಲಾಗದು. ಆದರೂ ಹವ್ಯಾಸಿ ಓಟ ಮಂಡಿಯನ್ನು ತಿಂದುಹಾಕುತ್ತದೆ ಎಂಬ ಭಯಕ್ಕೆ ಇಲ್ಲಿ ಆಧಾರ ಸಿಗುವುದಿಲ್ಲ.

ಇದೆಲ್ಲ ಓಟಕ್ಕೆ ಸಂಬಂಧಿಸಿದ್ದು. ಡೆಂಗಿ, ಅಪೆಂಡಿಕ್ಸ್, ಪಿತ್ತಕೋಶದ ಕಲ್ಲು, ನಸುಕಿನ ಕತ್ತಲಲ್ಲಿ ರಸ್ತೆ ಬದಿ ಓಡುವಾಗ ಡಿಕ್ಕಿ ಹೊಡೆಯುವ ಬೈಕ್, ಇವು ಯಾವುವೂ ನಿಮ್ಮ ವಾರದ ಕಿಲೋಮೀಟರ್ ಲೆಕ್ಕ ಕೇಳುವುದಿಲ್ಲ. ಬೇಗ ಪಾಲಿಸಿ ಮಾಡಿಸಲು ಇನ್ನೊಂದು ಕಾರಣವೂ ಇದೆ. ಬಿಪಿ, ಶುಗರ್ ಬರುವ ಮೊದಲೇ ಮಾಡಿಸಿದರೆ ಕಾಯುವ ಅವಧಿ ಆರೋಗ್ಯವಾಗಿರುವಾಗಲೇ ಮುಗಿದುಹೋಗುತ್ತದೆ.

ಓಟದ ಗಾಯಕ್ಕೂ 24 ಗಂಟೆಗೂ ಏನು ಸಂಬಂಧ?

ಓಟಗಾರರಿಗೆ ನಿರಾಸೆಯಾಗುವುದು ಹೆಚ್ಚಾಗಿ ಇಲ್ಲೇ. ಸಾಮಾನ್ಯ ಆರೋಗ್ಯ ವಿಮೆ ಮೂಲತಃ ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ ಇರುವಂಥದ್ದು. ಕನಿಷ್ಠ 24 ಗಂಟೆ ಒಳರೋಗಿಯಾಗಿರಬೇಕು ಎಂಬುದು ಮೂಲ ನಿಯಮ. ಒಂದೇ ದಿನದಲ್ಲಿ ಮುಗಿಯುವ ಶಸ್ತ್ರಚಿಕಿತ್ಸೆಗಳಿಗೆ ‘ಡೇ ಕೇರ್’ ಎಂಬ ವಿನಾಯಿತಿ ಇದೆ.

ಈಗ ಓಟಗಾರರಿಗೆ ಆಗುವ ತೊಂದರೆಗಳನ್ನು ನೆನಪಿಸಿಕೊಳ್ಳಿ. ಮೊಣಕಾಲ ಕೆಳಗಿನ ಮೂಳೆಯ ನೋವು, ಹಿಮ್ಮಡಿ ನೋವು, ಮಂಡಿಯ ಹೊರಬದಿಯ ನೋವು, ಹಿಮ್ಮಡಿ ಮೇಲಿನ ನರದಂಥ ಟೆಂಡನ್ ಊದಿಕೊಳ್ಳುವುದು, ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು. ಇವಕ್ಕೆ ಬೇಕಾಗುವುದು ಮೂಳೆ ವೈದ್ಯರ ಭೇಟಿ, ಎಕ್ಸ್‌ರೇ ಅಥವಾ ಎಂಆರ್‌ಐ, ವಾರಗಟ್ಟಲೆ ಫಿಸಿಯೋಥೆರಪಿ, ವಿಶ್ರಾಂತಿ. ಎಲ್ಲವೂ ಹೊರರೋಗಿ ಖರ್ಚು. ಪಾಲಿಸಿಯಲ್ಲಿ ಒಪಿಡಿ ಸೌಲಭ್ಯ ಇಲ್ಲದಿದ್ದರೆ ಇದರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಓಟದ ದಿನ ನಿರ್ಜಲೀಕರಣವಾಗಿ ವೈದ್ಯಕೀಯ ಡೇರೆಯಲ್ಲಿ ಮೂರು ಗಂಟೆ ಡ್ರಿಪ್ ಹಾಕಿಸಿಕೊಂಡು ಮನೆಗೆ ಹೋದರೂ ಅಷ್ಟೇ.

‘ಒಂದು ದಿನ ಅಡ್ಮಿಟ್ ಆಗಿ ಎಂಆರ್‌ಐ ಮಾಡಿಸಿಬಿಡಿ, ಕ್ಲೇಮ್ ಆಗುತ್ತೆ’ ಎಂಬ ಸಲಹೆಯೂ ಗುಂಪುಗಳಲ್ಲಿ ಬರುತ್ತದೆ. ಇದನ್ನು ನಂಬಬೇಡಿ. ಮುಖ್ಯವಾಗಿ ಪರೀಕ್ಷೆಗಾಗಿಯೇ ದಾಖಲಾದರೆ ಹಣ ಕೊಡುವುದಿಲ್ಲ ಎಂದು ಅದೇ ಏಕರೂಪದ ಷರತ್ತುಗಳ 4ನೇ ಸಂಖ್ಯೆ ಹೇಳುತ್ತದೆ. ಬರೀ ವಿಶ್ರಾಂತಿ, ಪುನಶ್ಚೇತನಕ್ಕಾಗಿ ದಾಖಲಾಗುವುದನ್ನು 5ನೇ ಸಂಖ್ಯೆ ಹೊರಗಿಡುತ್ತದೆ. ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳುವ ವಿಟಮಿನ್, ಪೂರಕಗಳಿಗೂ ಹಣವಿಲ್ಲ.

ಹಾಗಾದರೆ ಒಪಿಡಿ ಸೌಲಭ್ಯ ಖರೀದಿಸಬೇಕೇ? ಒಂದು ಸರಳ ಲೆಕ್ಕ ಹಾಕಿ. ಕೇವಲ ಉದಾಹರಣೆಗೆ, ವರ್ಷಕ್ಕೆ 10,000 ರೂಪಾಯಿವರೆಗಿನ ಒಪಿಡಿಗೆ ಹೆಚ್ಚುವರಿ 7,000 ರೂಪಾಯಿ ಪ್ರೀಮಿಯಂ ಕೇಳುತ್ತಾರೆ ಎಂದುಕೊಳ್ಳಿ. ಪೂರ್ತಿ ಬಳಸಿದರೂ ನಿಮಗೆ ಆಗುವ ಲಾಭ 3,000 ರೂಪಾಯಿ. ಫಿಸಿಯೋಥೆರಪಿ ಅದರಲ್ಲಿ ಸೇರಿದೆಯೇ, ನಿಮ್ಮ ಊರಿನ ಕ್ಲಿನಿಕ್ ಪಟ್ಟಿಯಲ್ಲಿದೆಯೇ ಎಂಬ ಪ್ರಶ್ನೆ ಬೇರೆ. ಈ ಲೆಕ್ಕ ಹೊಂದದಿದ್ದರೆ ಅದೇ ಹಣವನ್ನು ಪ್ರತ್ಯೇಕವಾಗಿ ತೆಗೆದಿಟ್ಟುಕೊಳ್ಳುವುದು ಮೇಲು. ದೊಡ್ಡ ಖರ್ಚಿಗೆ ವಿಮೆ, ಸಣ್ಣ ಗಾಯಕ್ಕೆ ಉಳಿತಾಯ ಎಂದು ಯೋಚಿಸುವುದು ಹೆಚ್ಚಿನ ಓಟಗಾರರಿಗೆ ಸರಿಹೋಗುತ್ತದೆ.

ಒಂದು ಸಮಾಧಾನವೂ ಇದೆ. ಶಸ್ತ್ರಚಿಕಿತ್ಸೆಗೆ ದಾಖಲಾಗಿ, ಆ ಕ್ಲೇಮ್ ಒಪ್ಪಿಗೆಯಾದರೆ, ದಾಖಲಾಗುವ ಮೊದಲಿನ ಮತ್ತು ಬಿಡುಗಡೆಯ ನಂತರದ ಇಂತಿಷ್ಟು ದಿನಗಳ ಸಂಬಂಧಿತ ಖರ್ಚನ್ನೂ ಪಾಲಿಸಿಗಳು ಕೊಡುತ್ತವೆ. ಆ ಎಂಆರ್‌ಐ ಬಿಲ್, ವೈದ್ಯರು ಬರೆದುಕೊಟ್ಟ ಫಿಸಿಯೋಥೆರಪಿ ಬಿಲ್ ಎಸೆಯಬೇಡಿ.

‘ಅಪಘಾತ’ ಎಂದರೆ ಯಾವುದು?

ಪಾಲಿಸಿ ಭಾಷೆಯಲ್ಲಿ ಅಪಘಾತ ಎಂದರೆ ಹೊರಗಿನಿಂದ, ಕಣ್ಣಿಗೆ ಕಾಣುವಂತೆ, ಬಲವಾಗಿ, ಹಠಾತ್ತಾಗಿ, ನಮ್ಮ ಇಚ್ಛೆಯಿಲ್ಲದೆ, ನಿರೀಕ್ಷೆಯಿಲ್ಲದೆ ನಡೆದ ಘಟನೆ. ಈ ಒಂದು ವ್ಯಾಖ್ಯೆಯ ಮೇಲೆ ಓಟಗಾರರ ಬಹಳಷ್ಟು ಕ್ಲೇಮ್‌ಗಳು ನಿಂತಿವೆ.

ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಕಾಯಿಲೆಗಳಿಗೆ ಹಣ ಸಿಗುವುದಿಲ್ಲ, ಅಪಘಾತಕ್ಕೆ ಸಿಗುತ್ತದೆ. ಇದರ ಜೊತೆಗೆ ನಿರ್ದಿಷ್ಟ ಕಾಯಿಲೆಗಳ ಪಟ್ಟಿಯೊಂದು ಇರುತ್ತದೆ. ಅವುಗಳಿಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಹರ್ನಿಯಾ, ಕಣ್ಣಿನ ಪೊರೆ, ಮೂತ್ರಪಿಂಡದ ಕಲ್ಲಿನ ಜೊತೆಗೆ ಕೆಲವು ಪಾಲಿಸಿಗಳ ಪಟ್ಟಿಯಲ್ಲಿ ಲಿಗಮೆಂಟ್ ಮತ್ತು ಮಂಡಿಯೊಳಗಿನ ಮೆನಿಸ್ಕಸ್ ಹರಿತ, ಮಂಡಿಯ ಕೀಹೋಲ್ ಶಸ್ತ್ರಚಿಕಿತ್ಸೆಗಳೂ ಇರುತ್ತವೆ. ಓಟಗಾರರು ಪಾಲಿಸಿ ಕೊಳ್ಳುವ ಮೊದಲು ಓದಲೇಬೇಕಾದ ಪುಟ ಇದು. ಅಪಘಾತದಿಂದ ಆದದ್ದಾದರೆ ಈ ಕಾಯುವ ಅವಧಿ ಅನ್ವಯಿಸುವುದಿಲ್ಲ ಎಂದು ಏಕರೂಪದ ಷರತ್ತಿನಲ್ಲೇ ಹೇಳಿದೆ.

ಹೀಗಾಗಿ ಒಂದೇ ಮೆನಿಸ್ಕಸ್ ಹರಿತಕ್ಕೆ ಎರಡು ಉತ್ತರ ಸಾಧ್ಯ. ಪಾಲಿಸಿ ಮಾಡಿಸಿದ ಆರನೇ ತಿಂಗಳಲ್ಲಿ ಓಡುವಾಗ ಬೈಕ್ ತಾಗಿ ಬಿದ್ದು ಹರಿದರೆ ಅದು ಅಪಘಾತ. ನೋವನ್ನು ಲೆಕ್ಕಿಸದೆ ತಿಂಗಳುಗಟ್ಟಲೆ ಓಡಿ ನಿಧಾನವಾಗಿ ಹರಿದರೆ ಅದು ಅಪಘಾತವಲ್ಲ. ಅಂಥ ಪಟ್ಟಿ ಇರುವ ಪಾಲಿಸಿಯಲ್ಲಿ ಎರಡು ವರ್ಷ ಕಾಯಬೇಕು. ಆಸ್ಪತ್ರೆಯ ಕಾಗದದಲ್ಲಿ ‘ಹೇಗಾಯಿತು, ಯಾವಾಗಿನಿಂದ’ ಎಂಬ ಸಾಲನ್ನು ವಿಮಾ ಕಂಪನಿ ಬಹಳ ಗಮನವಿಟ್ಟು ಓದುತ್ತದೆ. ಹೋದ ವಾರ ಬಿದ್ದವರು ‘ಮೊದಲಿನಿಂದಲೂ ಮಂಡಿ ನೋವು ಸಾರ್’ ಎಂದು ಬಾಯಿಮಾತಿಗೆ ಹೇಳಿದರೆ ಅದೇ ದಾಖಲಾಗಬಹುದು. ಸುಳ್ಳು ಹೇಳಬೇಡಿ, ಆದರೆ ದಿನಾಂಕ ಮತ್ತು ಘಟನೆಯನ್ನು ಸ್ಪಷ್ಟವಾಗಿ ಹೇಳಿ. ಬರೆದದ್ದನ್ನು ಓದಿ ನೋಡಿ.

ವೈಯಕ್ತಿಕ ಅಪಘಾತ ವಿಮೆ ಬೇರೆಯದೇ ಪಾಲಿಸಿ. ಅಪಘಾತದಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಅದು ನಿಗದಿತ ಮೊತ್ತ ಕೊಡುತ್ತದೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷ ರೂಪಾಯಿವರೆಗಿನ ರಕ್ಷಣೆ ಕೊಡುತ್ತದೆ, ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರು ಸೇರಬಹುದು. ಆದರೆ ಓಟದ ಮಧ್ಯೆ ಹೃದಯಾಘಾತವಾದರೆ ಅದು ಅಪಘಾತವಲ್ಲ, ಕಾಯಿಲೆ. ಕೆಲವು ಓಟದ ಆಯೋಜಕರು ‘ಎಲ್ಲರಿಗೂ ವಿಮೆ ಇದೆ’ ಎಂದು ಹೇಳುವಾಗ ಅದು ಅಪಘಾತ ವಿಮೆಯೋ, ಆಸ್ಪತ್ರೆ ಖರ್ಚಿನ ವಿಮೆಯೋ ಎಂದು ಕೇಳಿ ತಿಳಿದುಕೊಳ್ಳಿ.

ಓಟಗಾರರ ದೇಹ ಮತ್ತು ವಿಮೆಯ ವೈದ್ಯಕೀಯ ಪರೀಕ್ಷೆ

ವಯಸ್ಸು ಅಥವಾ ವಿಮೆ ಮೊತ್ತ ಹೆಚ್ಚಿದ್ದರೆ ಕಂಪನಿ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸುತ್ತದೆ. ಚೆನ್ನಾಗಿ ಓಡುವವರ ವರದಿ ಇಲ್ಲಿ ವಿಚಿತ್ರವಾಗಿ ಕಾಣಬಹುದು.

ಸಾಮಾನ್ಯರಲ್ಲಿ ವಿಶ್ರಾಂತಿಯಲ್ಲಿ ನಾಡಿಮಿಡಿತ ನಿಮಿಷಕ್ಕೆ 60ರಿಂದ 100 ಇರುತ್ತದೆ. ನಿಯಮಿತವಾಗಿ ದೂರ ಓಡುವವರಲ್ಲಿ ಅದು 50 ಅಥವಾ ಅದಕ್ಕೂ ಕಡಿಮೆ ಇರುವುದು ಸಾಮಾನ್ಯ, ಏಕೆಂದರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಇಸಿಜಿ ಯಂತ್ರ ಇದನ್ನು ‘ಸೈನಸ್ ಬ್ರಾಡಿಕಾರ್ಡಿಯಾ’ ಎಂದು ಮುದ್ರಿಸುತ್ತದೆ. ತಲೆಸುತ್ತು, ಪ್ರಜ್ಞೆ ತಪ್ಪುವುದು ಇಂಥ ಲಕ್ಷಣಗಳಿಲ್ಲದಿದ್ದರೆ ಕ್ರೀಡಾಪಟುಗಳಲ್ಲಿ ಇದನ್ನು ಸಹಜ ಎಂದೇ ಪರಿಗಣಿಸುತ್ತಾರೆ. ಪರೀಕ್ಷೆ ಮಾಡುವ ವೈದ್ಯರಿಗೆ ನೀವು ವಾರಕ್ಕೆ ಎಷ್ಟು ಓಡುತ್ತೀರಿ ಎಂದು ಹೇಳಿ, ವರದಿಯಲ್ಲಿ ಬರೆಯುವಂತೆ ಕೇಳಿ.

ರಕ್ತ ಪರೀಕ್ಷೆಯ ವಿಷಯ ಇನ್ನೂ ಮುಖ್ಯ. ದೀರ್ಘ ಓಟದ ನಂತರ ಸ್ನಾಯುಗಳಿಂದ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ರಕ್ತಕ್ಕೆ ಸೇರಿ ಹಲವು ದಿನ ಏರಿದ ಮಟ್ಟದಲ್ಲೇ ಇರುತ್ತದೆ. ಯಕೃತ್ತಿನ ಪರೀಕ್ಷೆ ಎಂದು ನಾವು ತಿಳಿದಿರುವ ಎಸ್‌ಜಿಒಟಿ, ಎಸ್‌ಜಿಪಿಟಿ ಕಿಣ್ವಗಳು ಸ್ನಾಯುವಿನಲ್ಲೂ ಇರುವುದರಿಂದ ಅವೂ ಏರಬಹುದು. ಕ್ರಿಯಾಟಿನಿನ್ ತಾತ್ಕಾಲಿಕವಾಗಿ ಹೆಚ್ಚಾಗಬಹುದು. ಮೂತ್ರದಲ್ಲಿ ಪ್ರೋಟೀನ್, ರಕ್ತಕಣ ಕಾಣಿಸಿ ಎರಡು ಮೂರು ದಿನಗಳಲ್ಲಿ ಹೋಗಬಹುದು. ಭಾನುವಾರ 30 ಕಿಲೋಮೀಟರ್ ಓಡಿ ಸೋಮವಾರ ರಕ್ತ ಕೊಟ್ಟರೆ ಕಾಗದದ ಮೇಲೆ ನೀವು ಯಕೃತ್ತು, ಮೂತ್ರಪಿಂಡದ ರೋಗಿಯಂತೆ ಕಾಣಬಹುದು. ಪ್ರೀಮಿಯಂ ಹೆಚ್ಚಾಗಲು, ಅರ್ಜಿ ಬಾಕಿಯಾಗಲು ಅಷ್ಟು ಸಾಕು. ಪರೀಕ್ಷೆಗೆ ಮುಂಚೆ ಒಂದು ವಾರ ಕಠಿಣ ಓಟ ಬೇಡ. ವಿಶ್ರಾಂತಿಯ ನಂತರವೂ ಅಂಕಿ ಏರಿಯೇ ಇದ್ದರೆ ‘ಓಟದಿಂದ’ ಎಂದು ತಳ್ಳಿಹಾಕದೆ ವೈದ್ಯರನ್ನು ಕಾಣಿ.

ಮುಚ್ಚಿಟ್ಟರೆ ಏನಾಗುತ್ತದೆ?

‘ಇಷ್ಟು ಓಡುತ್ತೇನೆ, ಬಿಪಿ ಮಾತ್ರೆ ಲೆಕ್ಕಕ್ಕಿಲ್ಲ’ ಎಂದುಕೊಂಡು ಅರ್ಜಿಯಲ್ಲಿ ಬಿಡುವವರಿದ್ದಾರೆ. ಬಿಪಿ, ಶುಗರ್, ಥೈರಾಯ್ಡ್, ಹಳೆಯ ಲಿಗಮೆಂಟ್ ಶಸ್ತ್ರಚಿಕಿತ್ಸೆ ಎಲ್ಲವನ್ನೂ ಬರೆಯಬೇಕು. 2024ರ ಏಪ್ರಿಲ್‌ನಿಂದ ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ ಗರಿಷ್ಠ 36 ತಿಂಗಳು. ಹಿಂದೆ ಅದು 48 ತಿಂಗಳಿತ್ತು. ಹೇಳಿದರೆ ಹೆಚ್ಚೆಂದರೆ ಮೂರು ವರ್ಷ ಕಾಯುತ್ತೀರಿ ಅಥವಾ ಸ್ವಲ್ಪ ಹೆಚ್ಚು ಪ್ರೀಮಿಯಂ ಕಟ್ಟುತ್ತೀರಿ. ಮುಚ್ಚಿಟ್ಟರೆ ದೊಡ್ಡ ಬಿಲ್ ಬಂದ ದಿನವೇ ಪಾಲಿಸಿ ರದ್ದಾಗಬಹುದು. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ ವಂಚನೆ ಸಾಬೀತಾಗದ ಹೊರತು ಕಂಪನಿ ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ.

ಹೆಜ್ಜೆ ಎಣಿಸಿದರೆ ರಿಯಾಯಿತಿ: ಎಷ್ಟು ನಿಜ?

ರಿಯಾಯಿತಿ ಇರುವುದು ನಿಜ. ಆರೋಗ್ಯಕರ ಅಭ್ಯಾಸಕ್ಕೆ ನವೀಕರಣದ ಪ್ರೀಮಿಯಂನಲ್ಲಿ ರಿಯಾಯಿತಿ ಅಥವಾ ಅಂಕ ಕೊಡಲು ನಿಯಮಗಳಲ್ಲಿ ಅವಕಾಶವಿದೆ, ಹಲವು ಕಂಪನಿಗಳು ಕೊಡುತ್ತವೆ. ಆದರೆ ಅದು ಕಂಪನಿಯ ಆ್ಯಪ್‌ನಲ್ಲಿ ದಾಖಲಾದ ಹೆಜ್ಜೆಗಳಿಗೆ, ತಿಂಗಳಿಗೆ ಇಂತಿಷ್ಟು ದಿನ ಎಂಬ ಷರತ್ತಿನ ಮೇಲೆ. ಗಾಯವಾಗಿ ಎರಡು ತಿಂಗಳು ಮನೆಯಲ್ಲಿ ಕೂತರೆ ಲೆಕ್ಕ ತಪ್ಪುತ್ತದೆ. ನಿಮ್ಮ ನಾಡಿಮಿಡಿತ, ಓಟದ ಮಾಹಿತಿ ಕಂಪನಿಗೆ ಹೋಗುತ್ತದೆ ಎಂಬುದೂ ತಿಳಿದಿರಲಿ.

ಅಂದಹಾಗೆ, 10,000 ಎಂಬ ಸಂಖ್ಯೆ 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ ಜನಪ್ರಿಯವಾದದ್ದು. ಗಾಯದ ನೋವಿನಲ್ಲೂ ಆ ಗುರಿ ಮುಟ್ಟಲು ಓಡಿದರೆ ಉಳಿದ ಪ್ರೀಮಿಯಂಗಿಂತ ಫಿಸಿಯೋಥೆರಪಿಗೆ ಹೆಚ್ಚು ಹೋಗಬಹುದು.

ಹಾಗಾದರೆ ಆರಿಸುವುದು ಹೇಗೆ?

- ಮೊತ್ತ ಮತ್ತು ಕೊಠಡಿ ಬಾಡಿಗೆ: ನಿಮ್ಮ ಊರಿನ ಆಸ್ಪತ್ರೆಯ ದರಕ್ಕೆ ತಕ್ಕ ಮೊತ್ತ ಇರಲಿ. ಕೊಠಡಿ ಬಾಡಿಗೆಗೆ ದಿನಕ್ಕೆ 5,000 ರೂಪಾಯಿ ಮಿತಿ ಇದ್ದು ನೀವು 10,000 ರೂಪಾಯಿಯ ಕೊಠಡಿ ಹಿಡಿದರೆ, ವೈದ್ಯರ ಶುಲ್ಕದಂಥ ಸಂಬಂಧಿತ ಖರ್ಚುಗಳೂ ಅರ್ಧಕ್ಕೆ ಇಳಿಯಬಹುದು. ಔಷಧ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕಡಿತ ಅನ್ವಯಿಸುವುದಿಲ್ಲ.
- ಕಾಯುವ ಅವಧಿಯ ಪಟ್ಟಿ: ಲಿಗಮೆಂಟ್, ಮೆನಿಸ್ಕಸ್, ಕೀಲು, ಬೆನ್ನುಮೂಳೆ ಎಂಬ ಪದಗಳನ್ನು ಹುಡುಕಿ.
- ಸಹ-ಪಾವತಿ: ಪ್ರತಿ ಬಿಲ್‌ನಲ್ಲಿ ನಿಮ್ಮ ಪಾಲು ಎಷ್ಟು ನೋಡಿ. ಉದಾಹರಣೆಗೆ, ಎಲ್ಲ ಕಂಪನಿಗಳೂ ಮಾರುವ ‘ಆರೋಗ್ಯ ಸಂಜೀವನಿ’ ಪಾಲಿಸಿಯಲ್ಲಿ ಶೇ 5 ನಿಮ್ಮದು.
- ಕಂಪನಿಯ ಗುಂಪು ವಿಮೆ: ಕೆಲಸ ಬಿಟ್ಟ ದಿನ ಅದು ಮುಗಿಯಬಹುದು. ಸ್ವಂತ ಪಾಲಿಸಿಯೊಂದು ಜೊತೆಗಿರಲಿ.
- ತೆರಿಗೆ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಹಿಂದೆ ಶೇ 18 ಇತ್ತು. ಹಳೆಯ ಲೆಕ್ಕದ ಫಾರ್ವರ್ಡ್ ನಂಬಬೇಡಿ.
- ಕನ್ನಡದಲ್ಲಿ ಕೇಳಿ: ಪಾಲಿಸಿಯ ಮುಖ್ಯ ಅಂಶಗಳನ್ನು ಸರಳವಾಗಿ ಹೇಳುವ ಗ್ರಾಹಕ ಮಾಹಿತಿ ಪತ್ರವನ್ನು ಕಂಪನಿ ಕೊಡಬೇಕು. ಅದನ್ನು ಸ್ಥಳೀಯ ಭಾಷೆಯಲ್ಲಿ ಕೇಳಿ ಪಡೆಯಬಹುದು.
- 30 ದಿನ: ಹೊಸ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಇಷ್ಟವಾಗದಿದ್ದರೆ ಹಿಂತಿರುಗಿಸಬಹುದು. ಆ ದಿನಗಳಲ್ಲಿ ಪೂರ್ತಿ ಓದಿ.

ಬಿಪಿಎಲ್ ಕುಟುಂಬಗಳಿಗೆ ‘ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಖಾಸಗಿ ಪಾಲಿಸಿಗೆ ಮುನ್ನ ಅದನ್ನು ನೋಡಿಕೊಳ್ಳಿ.

ಕ್ಲೇಮ್ ತಿರಸ್ಕಾರವಾದರೆ?

ಯಾವ ಷರತ್ತಿನ ಪ್ರಕಾರ ಎಂದು ಕಂಪನಿ ಬರವಣಿಗೆಯಲ್ಲಿ ತಿಳಿಸಬೇಕು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್ ಅಥವಾ 155255 ಸಹಾಯವಾಣಿಯಲ್ಲೂ ದೂರು ಕೊಡಬಹುದು. ಕಂಪನಿಯಿಂದ 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಹವ್ಯಾಸಿ ಓಟ ಸಾಹಸ ಕ್ರೀಡೆಗಳ ಷರತ್ತಿನಲ್ಲಿ ಬರುವುದಿಲ್ಲ, ಆದ್ದರಿಂದ ಆ ಭಯಕ್ಕೆ ಯಾರೂ ವಿಮೆಯನ್ನು ಬಿಡಬೇಕಿಲ್ಲ, ಓಟವನ್ನೂ ಬಿಡಬೇಕಿಲ್ಲ. ಆದರೆ ಓಟಗಾರರ ದಿನನಿತ್ಯದ ನೋವು, ಎಂಆರ್‌ಐ, ಫಿಸಿಯೋಥೆರಪಿ ಹೆಚ್ಚಿನ ಪಾಲಿಸಿಗಳಲ್ಲಿ ಸೇರಿರುವುದಿಲ್ಲ. ಅದಕ್ಕೆ ಕೈಯಲ್ಲಿ ಸ್ವಲ್ಪ ಹಣ ಇಟ್ಟುಕೊಂಡಿರಬೇಕು. ನಿಮ್ಮ ಗುಂಪಿಗೆ ಮುಂದಿನ ಸಲ ‘ಮ್ಯಾರಥಾನ್ ಓಡಿದರೆ ಕ್ಲೇಮ್ ಇಲ್ಲ’ ಎಂಬ ಸಂದೇಶ ಬಂದರೆ ಅದನ್ನು ಮುಂದಕ್ಕೆ ಕಳಿಸದೆ, ಎಲ್ಲರೂ ತಮ್ಮ ಪಾಲಿಸಿಯ ಕಾಯುವ ಅವಧಿಯ ಪುಟವನ್ನು ಒಮ್ಮೆ ತೆರೆದು ಓದುವಂತೆ ಹೇಳಿ.